ಚಾರ್ಮಾಡಿ ಇಳಿದು ಬಂದರಿನ ಬೀದಿಗೆ

ಬುಧವಾರ, ಚಿಕ್ಕಮಗಳೂರು

ನಮ್ಮ ಜಿಲ್ಲೆಯಲ್ಲಿ ಕಾಫಿಯ ಕಥೆ ಹೇಳುವವರೆಲ್ಲ ಬಾಬಾಬುಡನ್‌ಗಿರಿಯಿಂದ ಶುರು ಮಾಡಿ, ಕಣದಲ್ಲಿ ಚೆರ್ರಿ, ಅಂದರೆ ಕಾಫಿ ಹಣ್ಣು, ಒಣಗುವಲ್ಲಿಗೆ ಮುಗಿಸುತ್ತಾರೆ. ಮೋಕಾದಿಂದ ಏಳು ಬೀಜ ತಂದ ಫಕೀರ, ಆಮೇಲೆ ಇಂಗ್ಲಿಷ್ ದೊರೆಗಳು, ಆಮೇಲೆ ನಾವು. ಮೂಟೆ ತೋಟದ ಗೇಟು ದಾಟಿದ ಮೇಲೆ ಯಾರ ಗೋದಾಮಿನಲ್ಲಿ ಇಳಿಯುತ್ತಿತ್ತು, ಯಾವ ದೋಣಿ ಹತ್ತುತ್ತಿತ್ತು ಎಂದು ಕೇಳಿದರೆ ‘ಮಂಗಳೂರಿಗೆ ಹೋಗುತ್ತಿತ್ತು’ ಎಂದು ಕೈ ತೊಳೆದುಕೊಳ್ಳುತ್ತಾರೆ. ಸಮುದ್ರವಿಲ್ಲದ ಈ ಜಿಲ್ಲೆಗೆ ಸುಮಾರು 150 ಕಿಲೋಮೀಟರ್ ದೂರದಲ್ಲಿ ಒಂದು ಬಂದರಿನ ಬೀದಿ ಇತ್ತು. ಅದನ್ನು ಕಟ್ಟಿದ್ದರಲ್ಲಿ ನಮ್ಮ ಮೂಟೆಗಳ ಪಾಲೂ ಇದೆ ಎಂಬುದು ನನ್ನ ಬಹಳ ದಿನಗಳ ಗುಮಾನಿ.

ಹೊರಟವರು ನಾನು ಮತ್ತು ನನ್ನ ಚಿಕ್ಕಪ್ಪ. ಅವರಿಗೆ ಎಪ್ಪತ್ತು ದಾಟಿದೆ, ಮೂಡಿಗೆರೆ ಕಡೆ ಸಣ್ಣದೊಂದು ತೋಟ. ಹುಡುಗನಾಗಿದ್ದಾಗ ಕಾಫಿ ತುಂಬಿದ ಲಾರಿಯಲ್ಲಿ ಡ್ರೈವರ್ ಪಕ್ಕ ಕುಳಿತು ಮಂಗಳೂರಿಗೆ ಹೋಗಿ ಬಂದವರು. “ನಿನಗೆ ಬೀದಿ ಬೇಕು, ನನಗೆ ಅಲ್ಲಿಯ ಬಂಗುಡೆ ಮೀನು ಬೇಕು. ನಡೆ ಮಾರಾಯ” ಎಂದು ಚೀಲ ಹೆಗಲಿಗೆ ಹಾಕಿಕೊಂಡರು.

ಘಟ್ಟ ಇಳಿಯುವ ಮೊದಲು ಊರಿನಲ್ಲೇ ಒಂದು ಕೆಲಸವಿತ್ತು. ಪರಿಚಯದವರೊಬ್ಬರ ಮೂಲಕ ಇಲ್ಲಿಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್, ಅಂದರೆ ಕಾಫಿ ಸುಲಿದು ಹದಮಾಡುವ ಕಾರ್ಖಾನೆಯ ಒಳಗೆ ಹೋದೆವು. ಹಲ್ಲರ್ ಯಂತ್ರದ ಸದ್ದಿಗೆ ಮಾತು ಕೇಳಿಸುವುದಿಲ್ಲ. ಚೆರ್ರಿಯ ಸಿಪ್ಪೆ, ಪಾರ್ಚ್‌ಮೆಂಟಿನ (ತಿರುಳು ತೆಗೆದು ತೊಳೆದು ಒಣಗಿಸಿದ ಬೀಜದ) ಹೊಟ್ಟು ಬೇರೆಯಾಗಿ ಹಸಿರು ಬೀಜ ಜರಡಿಯ ಮೇಲೆ ಕುಣಿಯುತ್ತ ಬರುತ್ತದೆ. ದಪ್ಪ ಬೀಜ ಎ, ಅದಕ್ಕಿಂತ ಸಣ್ಣದು ಬಿ, ಒಂಟಿ ಕಾಳು ಪೀಬೆರಿ. ಕೊನೆಯಲ್ಲಿ ಉದ್ದನೆಯ ಕೋಣೆಯೊಂದರಲ್ಲಿ ಹೆಂಗಸರು ಸಾಲಾಗಿ ಕುಳಿತು ಕಪ್ಪು ಬೀಜ, ಒಡಕು ಬೀಜ, ಹುಳ ಕೊರೆದ ಬೀಜ ಆರಿಸುತ್ತಾರೆ. ಒಬ್ಬಾಕೆಯ ಬೆರಳನ್ನೇ ನೋಡುತ್ತ ನಿಂತೆ. ಅಂಗೈ ರಾಶಿಯ ಮೇಲೆ ಚಾಚಿಕೊಂಡೇ ಇರುತ್ತದೆ, ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಓಡಾಡುತ್ತವೆ, ಕಣ್ಣು ಪಕ್ಕದವಳ ಕಡೆ, ಬಾಯಿಯಲ್ಲಿ ಮಾತು. ಕೆಟ್ಟ ಬೀಜ ಒಂದೂ ತಪ್ಪುವುದಿಲ್ಲ. ಐವತ್ತು ಕೆ.ಜಿ. ಚೆರ್ರಿ ಮೂಟೆಯಿಂದ ಇಷ್ಟೆಲ್ಲ ಆದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಆ ಔಟ್‌ಟರ್ನ್ ಎಷ್ಟು ಬಂತು ಎಂಬುದರ ಮೇಲೆಯೇ ಬೆಳೆಗಾರನ ವರ್ಷದ ನಗು ನಿಂತಿದೆ.

ಈ ಕೆಲಸವೆಲ್ಲ ಒಂದು ಕಾಲದಲ್ಲಿ ಘಟ್ಟದ ಕೆಳಗೆ ನಡೆಯುತ್ತಿತ್ತು. ಮಲೆನಾಡಿನ ಮಂಜಿನಲ್ಲಿ ಅರೆಬರೆ ಒಣಗಿದ ಪಾರ್ಚ್‌ಮೆಂಟ್ ಗಾಡಿಯೇರಿ ಇಳಿಯಬೇಕು, ಕರಾವಳಿಯ ಬಿಸಿಲಿನ ಅಂಗಳದಲ್ಲಿ ಹದಕ್ಕೆ ಬರಬೇಕು, ಅಲ್ಲೇ ಸುಲಿಸಿಕೊಂಡು, ಅಲ್ಲೇ ಆರಿಸಿಕೊಂಡು ಹಡಗಿಗೆ ಹೋಗಬೇಕು. ಪಿಯರ್ಸ್ ಲೆಸ್ಲಿಯಂತಹ ಇಂಗ್ಲಿಷ್ ಕಂಪನಿಗಳು ಮಂಗಳೂರಿನಲ್ಲಿ ಕಾಫಿ ಕಾರ್ಖಾನೆ ನಡೆಸಿದ್ದು ಹೀಗೆ.

ಇನ್ನೊಂದು ತೊಡಕೂ ಇತ್ತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಕರಾವಳಿ ಕಂಪನಿ ಸರ್ಕಾರದ ಪಾಲಾಯಿತು, ಮಲೆನಾಡು ಮೈಸೂರಿನಲ್ಲಿ ಉಳಿಯಿತು. 1862ರಲ್ಲಿ ಕೆನರಾವನ್ನೂ ಎರಡು ಮಾಡಿ ಉತ್ತರದ ತುಂಡನ್ನು ಮುಂಬಯಿಗೆ ಸೇರಿಸಿದರು, ದಕ್ಷಿಣದ ತುಂಡು ಮದರಾಸಿನಲ್ಲಿ ಉಳಿಯಿತು. ಹೀಗಾಗಿ 1956ರವರೆಗೂ ಚಿಕ್ಕಮಗಳೂರಿನ ಕಾಫಿ ತನ್ನ ಹಡಗು ಹತ್ತಲು ಗಡಿ ದಾಟಬೇಕಿತ್ತು. ಸ್ವಂತ ಬಂದರಿಲ್ಲದ ಈ ಕೊರತೆ ಮೈಸೂರನ್ನು ಎಷ್ಟು ಕಾಡಿತ್ತೆಂದರೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಭಟ್ಕಳದಲ್ಲಿ ಬಂದರು ಕಟ್ಟುವ ಯೋಚನೆಯನ್ನೇ ಮುಂದಿಟ್ಟಿದ್ದರು. ಅದು ಕೈಗೂಡಲಿಲ್ಲ. ನಮ್ಮ ಗಾಡಿಗಳು ಮಂಗಳೂರಿನ ದಾರಿ ಬಿಡಲಿಲ್ಲ.

ಗುರುವಾರ, ಚಾರ್ಮಾಡಿ ಮತ್ತು ಬಂಟ್ವಾಳ

ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಮೂಡಿಗೆರೆ ದಾಟುವವರೆಗೆ ರಸ್ತೆಯ ಎರಡೂ ಬದಿ ತೋಟ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕಣಗಳಲ್ಲಿ ಹರವಿದ ಚೆರ್ರಿಯ ಹುಳಿ ವಾಸನೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲದೆ ಹೋದರೆ ಯಾತ್ರೆ ಫಲಿಸುವುದಿಲ್ಲ ಎಂಬುದು ಚಿಕ್ಕಪ್ಪನ ಸಿದ್ಧಾಂತ. ಎಂಟು ದೋಸೆ ತಿಂದು ಸಿದ್ಧಾಂತವನ್ನು ಸಾಬೀತು ಮಾಡಿದರು.

ಚಾರ್ಮಾಡಿಯ ತಿರುವುಗಳಲ್ಲಿ ಅವರಿಗೆ ಹಳೆಯ ಲಾರಿ ನೆನಪಾಯಿತು. ಇಳಿಯುವಾಗ ಬ್ರೇಕ್ ಕಾದು ವಾಸನೆ ಬರುತ್ತಿತ್ತಂತೆ. ಕ್ಲೀನರ್ ಹುಡುಗ ಮರದ ದಿಮ್ಮಿ ಹಿಡಿದು ಹಿಂದಿನ ಚಕ್ರದ ಹತ್ತಿರ ನೇತಾಡುತ್ತಿದ್ದನಂತೆ, ಗಾಡಿ ನಿಂತೊಡನೆ ಚಕ್ರಕ್ಕೆ ಕೊಡಲು. ಅದಕ್ಕೂ ಮೊದಲು, ಎತ್ತಿನ ಗಾಡಿಗಳ ಕಾಲದಲ್ಲಿ, ಅವರ ಅಜ್ಜ ಕಾಫಿ ಇಳಿಸಿ ಬರುವಾಗ ಬರಿಗಾಡಿ ತರುತ್ತಿರಲಿಲ್ಲ. ಉಪ್ಪು, ಒಣಮೀನು, ತೆಂಗಿನಕಾಯಿ, ಹಂಚು. ಮಳೆಗಾಲದ ಮಲೆನಾಡಿಗೆ ಉಪ್ಪು ಮತ್ತು ಒಣಮೀನು ಇಲ್ಲದೆ ನಡೆಯುತ್ತಿರಲಿಲ್ಲ. ಕಾಫಿ ಬೆಳೆಯುವ ಊರಿನಲ್ಲಿ ಮೀನಿನ ಸಾರಿಗೆ ಇಷ್ಟು ಮರ್ಯಾದೆ ಇರುವುದು ಯಾಕೆಂದು ಕೇಳುವವರು ಈ ಗಾಡಿಗಳ ಹಿಂದಿರುಗುವ ಲೆಕ್ಕ ನೋಡಬೇಕು. 2019ರ ಮಳೆಯಲ್ಲಿ ಗುಡ್ಡ ಕುಸಿದ ಮೇಲೆ ಭಾರಿ ವಾಹನಗಳಿಗೆ ಈ ದಾರಿ ಮುಚ್ಚಿತು. ಈಗ ಇಲ್ಲಿ ಕಾಣುವುದು ಹೆಚ್ಚಾಗಿ ಕಾರು, ಬಸ್ಸು ಮತ್ತು ತಿರುವಿನಲ್ಲಿ ನಿಂತು ಫೋಟೊ ತೆಗೆಯುವ ಜನ.

ಉಜಿರೆ ದಾಟುವಾಗ ಬಲಗಡೆ ದೂರದಲ್ಲಿ ಬೋಳು ಬಂಡೆಯೊಂದು ಎದ್ದು ನಿಲ್ಲುತ್ತದೆ. ಊರವರಿಗೆ ಗಡಾಯಿಕಲ್ಲು, ಟಿಪ್ಪುವಿಗೆ 1794ರಲ್ಲಿ ತಾಯಿಯ ಹೆಸರಿನಲ್ಲಿ ಕಟ್ಟಿದ ಜಮಾಲಾಬಾದ್ ಕೋಟೆ. ಬಂದರಿನ ದಾರಿಯ ಮೇಲೆ ಕಣ್ಣಿಡಲು ಇದಕ್ಕಿಂತ ಒಳ್ಳೆಯ ಕಲ್ಲು ಸಿಗಲಿಕ್ಕಿಲ್ಲ.

ನಮ್ಮ ನಿಜವಾದ ನಿಲುಗಡೆ ಬಂಟ್ವಾಳ. ಹೆದ್ದಾರಿಯಲ್ಲಿ ಹೋಗುವವರು ಬಿ.ಸಿ. ರೋಡಿನ ಗಜಿಬಿಜಿ ನೋಡಿ ಅದನ್ನೇ ಬಂಟ್ವಾಳ ಎಂದುಕೊಳ್ಳುತ್ತಾರೆ. ಹಳೆಯ ಪೇಟೆ ನೇತ್ರಾವತಿಯ ದಡದಲ್ಲಿ ಬೇರೆಯೇ ಇದೆ. ಒಂದು ಉದ್ದನೆಯ ಬೀದಿ, ವೆಂಕಟರಮಣ ದೇವಸ್ಥಾನ, ಎರಡೂ ಕಡೆ ಅಂಟಿಕೊಂಡ ಅಂಗಡಿಮನೆಗಳು, ಬೆನ್ನಿಗೆ ಹೊಳೆ. ಘಟ್ಟದಿಂದ ಬಂದ ಗಾಡಿಗಳು ಇಲ್ಲಿಗೆ ಮುಗಿಯುತ್ತಿದ್ದವು. ಸರಕು ದೋಣಿಗೆ ಇಳಿದು ನೀರಿನ ಮೇಲೆ ಮಂಗಳೂರಿಗೆ ಹೋಗುತ್ತಿತ್ತು. 1801ರಲ್ಲಿ ಕಂಪನಿ ಸರ್ಕಾರಕ್ಕಾಗಿ ದೇಶ ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬಂದಾಗಲೇ ಇದು ವ್ಯಾಪಾರದ ಊರು.

ಇಲ್ಲಿಯ ಅಂಗಡಿಗಳ ಜಗಲಿ ಎತ್ತರ. ಅದಕ್ಕೆ ಕಾರಣ ಹೊಳೆ. 1923ರಲ್ಲಿ ಮತ್ತು 1974ರಲ್ಲಿ ನೇತ್ರಾವತಿ ಪೇಟೆಯ ಒಳಗೇ ಬಂದಿತ್ತು. ದಿನಸಿ ಅಂಗಡಿಯ ಹಿರಿಯರೊಬ್ಬರು 74ರ ನೀರು ಎಲ್ಲಿಯವರೆಗೆ ಬಂದಿತ್ತೆಂದು ತೋರಿಸಲು ಎದ್ದು ನಿಂತು ಕೈ ಮೇಲೆತ್ತಿದರು. ಬೆರಳು ಬಾಗಿಲಿನ ದಾರಂದವನ್ನು ಮುಟ್ಟುತ್ತಿತ್ತು. “ಅಕ್ಕಿ ಚೀಲ ಉಪ್ಪರಿಗೆಗೆ ಹೊತ್ತೆವು. ಉಪ್ಪು ಹೊರಲು ಆಗಲಿಲ್ಲ, ಹೊಳೆಗೆ ಸೇರಿತು” ಎಂದರು. ಚಿಕ್ಕಪ್ಪ ಅವರೊಡನೆ ಉಪ್ಪಿನ ದರದ ಮಾತಿಗಿಳಿದರು. ನನಗೆ ಬೀದಿಯನ್ನು ಈ ತುದಿಯಿಂದ ಆ ತುದಿಗೆ ನಡೆದು ಬರುವಷ್ಟು ಸಮಯ ಸಿಕ್ಕಿತು. ಅರ್ಧಕ್ಕರ್ಧ ಕಟ್ಟಡಗಳು ಈಗ ಕಾಂಕ್ರೀಟು, ಗಾಜು. ಉಳಿದವುಗಳಲ್ಲಿ ಇನ್ನೂ ಹಲಗೆ ಬಾಗಿಲುಗಳಿವೆ. ಒಂದೊಂದು ಹಲಗೆಯ ಮೇಲೂ ಬಣ್ಣದಲ್ಲಿ ಅಂಕಿ ಬರೆದಿರುತ್ತದೆ. ಸಂಜೆ ಅದೇ ಕ್ರಮದಲ್ಲಿ ಚೌಕಟ್ಟಿನ ತೋಡಿನೊಳಗೆ ಜಾರಿಸಬೇಕು, ಐದನೆಯದನ್ನು ನಾಲ್ಕರ ಮೊದಲು ಹಾಕಿದರೆ ಅಂಗಡಿ ಮುಚ್ಚುವುದಿಲ್ಲ.

ರಾತ್ರಿ ಮಂಗಳೂರಿನ ಹಂಪನಕಟ್ಟೆಯ ಹತ್ತಿರ ಲಾಡ್ಜ್. ಸೆಕೆ. ಚಿಕ್ಕಪ್ಪನಿಗೆ ಬಂಗುಡೆ ಸಿಕ್ಕಿತು.

ಶುಕ್ರವಾರ, ಹಳೆ ಬಂದರು

ಬೆಳಗ್ಗೆ ಐದೂವರೆಗೆ ದಕ್ಕೆಗೆ ಹೋದೆವು. ದೀಪದ ಬೆಳಕಿನಲ್ಲಿ ಮೀನಿನ ಹರಾಜು, ಐಸ್ ಪುಡಿ ಮಾಡುವ ಯಂತ್ರದ ಗದ್ದಲ, ಕಾಲಿಗೆ ತಣ್ಣನೆಯ ನೀರು. ಒಂದೇ ಮಾತು ಮೂರು ಭಾಷೆಯಲ್ಲಿ ಹೋಗಿ ಬರುತ್ತಿರುತ್ತದೆ: ತುಳು, ಬ್ಯಾರಿ, ಕೊಂಕಣಿ. ಲೆಕ್ಕ ಮಾತ್ರ ಕನ್ನಡದಲ್ಲಿ ಬರೆದಿದ್ದನ್ನು ನೋಡಿದೆ. ಇದು ಮೀನುಗಾರಿಕೆಯ ಪಾಲು. ಅಲ್ಲಿಂದ ಹೊಳೆಯ ಗುಂಟ ನಡೆದರೆ ಸರಕಿನ ದಕ್ಕೆ. ಫಲ್ಗುಣಿ ಎಂದು ಕರೆಯುವ ಗುರುಪುರ ಹೊಳೆ ಇಲ್ಲಿ ಸಮುದ್ರಕ್ಕೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿದು, ನೇತ್ರಾವತಿಯನ್ನು ಕೂಡಿ ಅಳಿವೆಯಲ್ಲಿ ಕಡಲಿಗೆ ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆ ಬೆಂಗ್ರೆಯ ಮರಳುದಿಣ್ಣೆ. ಬಂದರಿಗೆ ಅದೇ ಗೋಡೆ, ಅದೇ ಶಾಪ. ಅಳಿವೆಯ ಬಾಯಿಯಲ್ಲಿ ಮರಳು ಸರಿಯುತ್ತಲೇ ಇರುವುದರಿಂದ ದೊಡ್ಡ ಹಡಗು ಒಳಗೆ ಬರಲಾರದು. ಸ್ಟೀಮರುಗಳು ಹೊರಗೆ ಕಡಲಿನಲ್ಲೇ ಲಂಗರು ಹಾಕುತ್ತಿದ್ದವು, ಮೂಟೆಗಳು ಇಲ್ಲಿಂದ ದೋಣಿಯಲ್ಲಿ ಹೋಗುತ್ತಿದ್ದವು. ಮಳೆಗಾಲ ಹತ್ತಿರವಾದರೆ ಅದೂ ಇಲ್ಲ. ಜನವರಿಯಿಂದ ಮೇ ತಿಂಗಳ ಒಳಗೆ ಒಣಗಿಸಿ, ಸುಲಿಸಿ, ಆರಿಸಿ, ತುಂಬಿಸಿ ಮುಗಿಸಬೇಕು. ಬೀದಿಯಲ್ಲಿ ಇಷ್ಟೊಂದು ಗೋದಾಮುಗಳು ಯಾಕಿವೆ ಎಂಬುದಕ್ಕೆ ಈ ಅವಸರವೇ ಉತ್ತರ.

ಕಟ್ಟಡಗಳ ಮಾದರಿ ಒಂದೇ. ಬೀದಿಗೆ ಮುಖ ಕಿರಿದು, ಒಳಗೆ ಉದ್ದ, ಹಿಂಬದಿ ಹೊಳೆಯವರೆಗೆ. ಗೋಡೆ ಮುರಕಲ್ಲಿನದು, ಮೇಲೆ ಸುಣ್ಣದ ಗಾರೆ. ಗಾರೆ ಉದುರಿದಲ್ಲೆಲ್ಲ ಕೆಂಪು ಕಲ್ಲಿನ ತೂತುಗಳು ಕಾಣುತ್ತವೆ. ಕೆಳಗೆ ಮಂಡಿ, ಮೇಲೆ ಮರದ ಉಪ್ಪರಿಗೆ, ಅಡ್ಡಪಟ್ಟಿಯ ಕಿಟಕಿಗಳು. ಅಲ್ಲಿ ಗುಮಾಸ್ತರು ಕುಳಿತು ಕೆಳಗಿನ ತಕ್ಕಡಿಯ ಮೇಲೆ ಕಣ್ಣಿಡಬಹುದು, ಬೀದಿಗೆ ಬಂದ ಗಾಡಿಯನ್ನೂ ನೋಡಬಹುದು. ಮುಂದಿನಿಂದ ಮೂಟೆ ಬಂದು ಹಿಂದಿನಿಂದ ದೋಣಿಗೆ ಇಳಿಯುತ್ತದೆ. ಬೀದಿ ಒಂದು ಜರಡಿಯ ಹಾಗೆ ಕೆಲಸ ಮಾಡುತ್ತಿತ್ತು, ಘಟ್ಟದ ಸರಕು ಅದರ ಮೂಲಕವೇ ಹೊಳೆಗೆ ಬೀಳಬೇಕಿತ್ತು.

ಹಗ್ಗದ ಅಂಗಡಿಯೊಂದರಲ್ಲಿ ಬಿಳಿ ಟೋಪಿ ಹಾಕಿಕೊಂಡ ಹಿರಿಯರು ಕುಳಿತಿದ್ದರು. ಒಳಗೆ ನೋಡಬಹುದೇ ಎಂದು ಕೇಳಿದೆ.

“ನೀವು ಘಟ್ಟದವರೇ?” ಎಂದರು.

“ಹೌದು ಸಾಹೇಬರೇ, ಚಿಕ್ಕಮಗಳೂರು.”

“ಹಾಗಾದರೆ ಬನ್ನಿ. ಇದು ನಿಮ್ಮದೇ ಗೋದಾಮು. ನನ್ನ ತಂದೆ ತೆಗೆದುಕೊಳ್ಳುವ ಮೊದಲು ಇಲ್ಲಿ ಕಾಫಿ ಇಡುತ್ತಿದ್ದರಂತೆ. ಈಗಲೂ ಮಳೆಗಾಲದಲ್ಲಿ ನೆಲ ವಾಸನೆ ಹೊಡೆಯುತ್ತದೆ ಎಂದು ಅವರು ಹೇಳುತ್ತಿದ್ದರು. ನನಗೆ ಹಗ್ಗದ ವಾಸನೆ ಬಿಟ್ಟು ಬೇರೇನೂ ಬರುವುದಿಲ್ಲ.”

ಚಿಕ್ಕಪ್ಪ ಬಗ್ಗಿ ನೆಲದ ಹತ್ತಿರ ಮೂಗು ತಂದರು. ತಲೆಯಾಡಿಸಿದರು. ಬಂದಿತೋ ಬರಲಿಲ್ಲವೋ ಹೇಳಲಿಲ್ಲ.

ನನ್ನ ಕಣ್ಣು ಮಾಡಿನ ಮೇಲಿತ್ತು. ಪಕಾಸು ಎಂಬ ಇಳಿಜಾರು ತೊಲೆ, ಅದರ ಮೇಲೆ ರೀಪಿನ ಅಡ್ಡಪಟ್ಟಿ, ಅದರ ಮೇಲೆ ಹಂಚು, ನಡುನಡುವೆ ಬೆಳಕಿಗೆ ಗಾಜಿನ ಹಂಚು. ಮೂಲೆಯಲ್ಲಿ ಬದಲಿಗೆಂದು ಜೋಡಿಸಿಟ್ಟ ಹಳೆಯ ಹಂಚುಗಳ ರಾಶಿಯಿತ್ತು. ಒಂದನ್ನು ಎತ್ತಿಕೊಂಡೆ. ಅಂಚುಗಳಲ್ಲಿ ಎರಡು ತೋಡು, ಪಕ್ಕದ ಹಂಚಿನ ಏಣು ಅದರೊಳಗೆ ಕೂರಬೇಕು, ಗಾಳಿಗೆ ಹಾರಬಾರದು. ಹಿಂಬದಿಯಲ್ಲಿ ರೀಪಿಗೆ ಸಿಕ್ಕಿಸುವ ಮೂಗು, ಅದರ ಕೆಳಗೆ ಇಂಗ್ಲಿಷ್ ಅಕ್ಷರದ ಮುದ್ರೆ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಜೇಡಿಯಿಂದ ಜೆಪ್ಪುವಿನ ಕಾರ್ಖಾನೆಯಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನ್ ಕೆಲಸಗಾರ ಹಂಚು ಮಾಡಲು ಆರಂಭಿಸಿದ್ದು ಆ ವರ್ಷ. ಹಂಚಿನ ಮೇಲಿನ 1865 ಕಂಡು ನಮ್ಮ ಕಡೆ ‘ಈ ಬಂಗಲೆ 1865ರದು’ ಎಂದು ಹೇಳುವವರಿದ್ದಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಮಾಡಿನ ವಯಸ್ಸು ಅಂದಾಜು ಮಾಡಲು ಬೇರೊಂದು ದಾರಿ ಇದೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮತ್ತು ಸ್ವಿಸ್ ನಂಟಿನ ಮಿಷನ್ನಿನ ಆಸ್ತಿಯನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು, ಮುದ್ರೆಯೂ ಬದಲಾಯಿತು. ಮಿಷನ್ ಮುದ್ರೆಯಿದ್ದರೆ ಹಂಚು ಆ ಯುದ್ಧಕ್ಕಿಂತ ಹಳೆಯದು, ಕಾಮನ್‌ವೆಲ್ತ್ ಇದ್ದರೆ ಆಮೇಲಿನದು. ಸಾಹೇಬರ ರಾಶಿಯಲ್ಲಿ ಎರಡೂ ಇದ್ದವು. ಅಂದರೆ ಈ ಮಾಡು ಒಮ್ಮೆಯಾದರೂ ರಿಪೇರಿ ಕಂಡಿದೆ.

“ನಮ್ಮ ಮನೆಯದೂ ಇದೇ” ಎಂದರು ಚಿಕ್ಕಪ್ಪ. ಕಾಫಿ ಇಳಿಸಿದ ಗಾಡಿಗಳೇ ಈ ಹಂಚು ಹೇರಿಕೊಂಡು ಘಟ್ಟ ಹತ್ತಿದ್ದವು. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಹುಲ್ಲಿನ ಮಾಡುಗಳು ಕೆಂಪಾಗಿದ್ದು ಹೀಗೆ. ಬೀದಿ ನಮ್ಮಿಂದ ಕಾಫಿ ತೆಗೆದುಕೊಂಡಿತು, ನಮಗೆ ತಲೆಯ ಮೇಲೊಂದು ಮಾಡು ಕಳಿಸಿತು. ಲೆಕ್ಕ ಸರಿಯಾಯಿತೇ ಎಂದು ಕೇಳಿದರೆ ಚಿಕ್ಕಪ್ಪ ಒಪ್ಪುವುದಿಲ್ಲ. ಅವರ ದೂರು ಆಮೇಲಿನ ಕಾಲದ್ದು. 1942ರಿಂದ ಕಾಫಿ ಮಂಡಳಿಯ ಪೂಲ್ ಪದ್ಧತಿ. ಬೆಳೆಗಾರ ಬೆಳೆಯನ್ನೆಲ್ಲ ಒಪ್ಪಿಸಬೇಕು, ಹಣ ಕಂತಿನಲ್ಲಿ ಬರುತ್ತದೆ. “ಮೊದಲ ಕಂತು ಸಾಲಕ್ಕೆ, ಎರಡನೆಯದು ಗೊಬ್ಬರಕ್ಕೆ. ಕೊನೆಯದು ಬರುವಷ್ಟರಲ್ಲಿ ಮುಂದಿನ ಹೂಮಳೆ, ಕಾಫಿ ಹೂ ಅರಳಿಸುವ ಮಳೆ, ಬಂದಿರುತ್ತಿತ್ತು.” ತೊಂಬತ್ತರ ದಶಕದಲ್ಲಿ ಆ ಪದ್ಧತಿ ಹಂತಹಂತವಾಗಿ ಸಡಿಲವಾಗಿ 1996ಕ್ಕೆ ಪೂರ್ತಿ ಕೊನೆಗೊಂಡಿತು.

ಹನ್ನೆರಡೂವರೆಯಾಗುತ್ತಿದ್ದಂತೆ ಬೀದಿಯ ಅಂಗಡಿಗಳು ಒಂದೊಂದಾಗಿ ಹಲಗೆ ಹಾಕಿಕೊಂಡವು. ಶುಕ್ರವಾರದ ನಮಾಜು. ಹಮಾಲರು ಕೈಕಾಲು ತೊಳೆದು, ಹೆಗಲ ಮೇಲಿನ ಗೋಣಿಪಟ್ಟಿ ತೆಗೆದು ಹೊರಟರು. ಬಂದರಿನ ಝೀನತ್ ಬಕ್ಷ್ ಜುಮ್ಮಾ ಮಸೀದಿ ಈ ಬೀದಿಗಳ ನಡುವಿನ ಅತಿ ಹಳೆಯ ಹೆಸರು. ಅರಬ್ ದೇಶದಿಂದ ಬಂದ ಮಾಲಿಕ್ ದಿನಾರ್ ಬಳಗ ಏಳನೆಯ ಶತಮಾನದಲ್ಲಿ ಕಟ್ಟಿಸಿತು ಎಂಬುದು ಪ್ರತೀತಿ. ಟಿಪ್ಪು ಜೀರ್ಣೋದ್ಧಾರ ಮಾಡಿಸಿ ಈಗಿನ ಹೆಸರು ಕೊಟ್ಟ ಎನ್ನುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಅಲ್ಲಿಯವರು ನಮ್ಮನ್ನು ಒಳಗೆ ಕರೆದು ಹಳೆಯ ಭಾಗದ ಮರದ ಕಂಬಗಳನ್ನು ತೋರಿಸಿದರು. ಹೂಬಳ್ಳಿಯ ಕೆತ್ತನೆ. ನಮ್ಮ ಕಡೆಯ ಹಳೆಯ ಮನೆಗಳ ಕಂಬ ಕೊರೆದ ಕೈ, ಈ ಕೈ ಒಂದೇ ಕಸುಬಿನವು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಕಚ್ಚಿ ಮೇಮನ್ನರ ಮಸೀದಿಯೂ ಬಂದರಿನಲ್ಲಿದೆ, ಸ್ವಲ್ಪ ದೂರದಲ್ಲಿ ರೊಸಾರಿಯೊ ಚರ್ಚ್. ಅದರ ಮೂಲ 1568, ಪೋರ್ಚುಗೀಸರ ಕಾಲದ್ದು.

ಆದರೆ ಈ ಊರಿನ ವ್ಯಾಪಾರಿಗಳಲ್ಲಿ ನನಗೆ ಇಷ್ಟವಾದವನು ಅಬ್ರಹಾಂ ಬೆನ್ ಯಿಜು. ಟ್ಯುನೀಷಿಯಾ ಮೂಲದ ಯೆಹೂದಿ ವರ್ತಕ. ಹನ್ನೆರಡನೆಯ ಶತಮಾನದಲ್ಲಿ, 1132ರ ಸುಮಾರಿನಿಂದ ಹದಿನೇಳು ವರ್ಷ ಮಂಗಳೂರಿನಲ್ಲಿದ್ದ. ಇಲ್ಲಿಯ ಹೆಣ್ಣನ್ನು ಮದುವೆಯಾದ, ಕಂಚಿನ ಪಾತ್ರೆಗಳ ಕಮ್ಮಟ ನಡೆಸಿದ, ಬೊಮ್ಮ ಎಂಬ ಆಳನ್ನು ಏಡನ್ನಿಗೆ ಸರಕಿನ ಜೊತೆ ಕಳಿಸುತ್ತಿದ್ದ. ಅವನ ಕಾಗದಪತ್ರಗಳು ಕೈರೋದ ಸಿನಗಾಗ್ ಒಂದರ ಕೋಣೆಯಲ್ಲಿ ಉಳಿದುಕೊಂಡದ್ದರಿಂದ ಇಷ್ಟೆಲ್ಲ ಗೊತ್ತಾಗಿದೆ. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾಗಿದ್ದು 1117ರಲ್ಲಿ. ಬೆನ್ ಯಿಜು ಬಂದಿಳಿದಾಗ ಅಲ್ಲಿಯ ಶಿಲಾಬಾಲಿಕೆಯರ ಕಲ್ಲು ಇನ್ನೂ ಹೊಸದು, ವಿಷ್ಣುವರ್ಧನ ಬದುಕಿದ್ದ. ಆಗ ನಮ್ಮ ಬೆಟ್ಟಗಳಲ್ಲಿ ಕಾಫಿ ಇರಲಿಲ್ಲ. ಮೆಣಸು, ಏಲಕ್ಕಿ ಇತ್ತು. ಕರಾವಳಿಯ ವರ್ತಕರು ಪಶ್ಚಿಮಕ್ಕೆ ಕಳಿಸುತ್ತಿದ್ದ ಸರಕಿನಲ್ಲಿ ಮುಖ್ಯವಾದದ್ದೇ ಅವು.

ಮಧ್ಯಾಹ್ನದ ಮೇಲೆ ಬೆಂಗ್ರೆಗೆ ಹೋಗುವ ದೋಣಿ ಹತ್ತಿದೆವು. ಬಂದರಿನ ಬೀದಿಯನ್ನು ನೋಡಬೇಕಾದದ್ದು ನೀರಿನಿಂದಲೇ. ರಸ್ತೆಗೆ ಬೆನ್ನು ಹಾಕಿ ನಿಂತ ಗೋದಾಮುಗಳ ನಿಜವಾದ ಮುಖ ಇತ್ತ ಇದೆ: ಇಳಿಜಾರಿನ ಕೆಂಪು ಮಾಡುಗಳ ಸಾಲು, ಅಗಲ ಬಾಗಿಲುಗಳು, ನೀರಿಗಿಳಿಯುವ ಮೆಟ್ಟಿಲುಗಳು. ಕೆಲವು ಬಾಗಿಲುಗಳನ್ನು ಕಲ್ಲಿಟ್ಟು ಮುಚ್ಚಿದ್ದಾರೆ. ಒಂದೆಡೆ ಲಕ್ಷದ್ವೀಪಕ್ಕೆ ಹೋಗುವ ಮಂಜಿ ಎಂಬ ಸರಕಿನ ಹಡಗಿಗೆ ಸಿಮೆಂಟ್ ಮೂಟೆ, ಇಟ್ಟಿಗೆ, ಈರುಳ್ಳಿ ಚೀಲ ಏರುತ್ತಿತ್ತು. ಹಲಗೆಯ ಮೇಲೆ ತಲೆಹೊರೆಯಲ್ಲಿ ಓಡುವ ಹಮಾಲನ ಹೆಜ್ಜೆಗೆ ಹಲಗೆ ಬಾಗುತ್ತದೆ. ಅದು ಮೇಲೇಳುವ ಹೊತ್ತಿಗೆ ಅವನು ಮುಂದಿನ ಹೆಜ್ಜೆ ಇಟ್ಟಿರುತ್ತಾನೆ. ಸತ್ತ ಬಂದರು ಎಂದು ಬರೆಯುವವರು ಈ ಹಲಗೆಯನ್ನು ನೋಡಿಲ್ಲ.

ದೋಣಿಯಲ್ಲಿ ಕುಳಿತಾಗ ಚಿಕ್ಕಪ್ಪನಿಗೆ ‘ಮಾನ್ಸೂನ್ಡ್ ಮಲಬಾರ್’ ಕಾಫಿಯ ಕಥೆ ಹೇಳಿದೆ. ಹಾಯಿಹಡಗಿನ ಕಾಲದಲ್ಲಿ ಕಾಫಿ ಆಫ್ರಿಕಾದ ತುದಿ ಸುತ್ತಿ ಯುರೋಪು ಸೇರಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಅಷ್ಟು ಕಾಲ ಹಡಗಿನ ಹೊಟ್ಟೆಯಲ್ಲಿ ಕಡಲಿನ ತೇವ ಕುಡಿದು ಹಸಿರು ಬೀಜ ಊದಿಕೊಂಡು ಹಳದಿಯಾಗುತ್ತಿತ್ತು, ಹುಳಿ ಹೋಗಿ ಬೇರೆಯೇ ರುಚಿ ಬರುತ್ತಿತ್ತು. ಅಲ್ಲಿಯವರು ಕಾಫಿ ಎಂದರೆ ಹಾಗೆಯೇ ಎಂದುಕೊಂಡರು. ಹಬೆಹಡಗು ಬಂತು, 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು, ಕಾಫಿ ಹಸಿರಾಗಿಯೇ ತಲುಪತೊಡಗಿತು. ‘ಹಳೆಯ ರುಚಿ ಎಲ್ಲಿ?’ ಎಂಬ ದೂರು ಬಂತು. ಕರಾವಳಿಯವರು ಅದನ್ನು ಇಲ್ಲೇ ತಯಾರಿಸಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡುವ ಗೋದಾಮಿನ ನೆಲದಲ್ಲಿ ಚೆರ್ರಿಯಿಂದ ಸುಲಿದ ಬೀಜ ಹರವಿ, ಆಗಾಗ ಕೆದಕಿ, ಆಮೇಲೆ ಚೀಲಗಳಲ್ಲಿ ಸಡಿಲವಾಗಿ ತುಂಬಿ, ಮಳೆಗಾಳಿ ಓಡಾಡಲು ಜಾಗ ಬಿಟ್ಟು ಜೋಡಿಸುತ್ತಾರೆ. ಚೀಲದಿಂದ ಸುರಿದು ಮತ್ತೆ ಮತ್ತೆ ತುಂಬುತ್ತಾರೆ. ಮಳೆ ಮುಗಿಯುವಷ್ಟರಲ್ಲಿ ಬೀಜ ದಪ್ಪಗಾಗಿ ಚಿನ್ನದ ಬಣ್ಣಕ್ಕೆ ತಿರುಗಿರುತ್ತದೆ. ಈಗ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಚಿಕ್ಕಪ್ಪ ಕೇಳಿಸಿಕೊಂಡು ಸುಮ್ಮನಿದ್ದರು. ಆಮೇಲೆ, “ನಮ್ಮ ಕಣದಲ್ಲಿ ಚೆರ್ರಿ ನೆನೆದರೆ ಅರ್ಧ ಬೆಲೆಗೆ ಕೇಳುತ್ತಾರೆ. ಇವರು ನೆನೆಸಿದರೆ ಎರಡು ಬೆಲೆಯೇ?” ಎಂದರು.

ಶನಿವಾರ, ಪಣಂಬೂರು, ಮಂಜರಾಬಾದ್, ಹಾಸನ

ಊರು ಬಿಡುವ ಮೊದಲು ಉತ್ತರಕ್ಕೆ ಹೋಗಿ ಪಣಂಬೂರಿನ ಹೊಸ ಬಂದರನ್ನು ಹೊರಗಿನಿಂದ ನೋಡಿದೆವು. ಒಳಗೆ ಬಿಡುವುದಿಲ್ಲ, ಬಿಟ್ಟರೂ ನೋಡಲು ಬೀದಿ ಇಲ್ಲ. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿ, 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಯಾಯಿತು. ದೊಡ್ಡ ಹಡಗು ನೇರವಾಗಿ ಗೋಡೆಗೆ ತಾಗಿ ನಿಲ್ಲುವ ಜಾಗ ಸಿಕ್ಕಿತು, ಹಳೆಯ ಬಂದರಿನ ದೊಡ್ಡ ಸರಕೆಲ್ಲ ಇತ್ತ ಸರಿಯಿತು. ನಮ್ಮ ಜಿಲ್ಲೆಯ ಕುದುರೆಮುಖದ ಅದಿರು ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಕೆಸರಾಗಿ ಹರಿದು ಬರುತ್ತಿದ್ದದ್ದೂ ಇಲ್ಲಿಗೇ. ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಆ ಕೊಳವೆ ಎಲ್ಲಿಯೂ ಒಂದು ಚಹಾದಂಗಡಿಯನ್ನೂ ಸಾಕಲಿಲ್ಲ ಎಂಬುದು ನನ್ನ ತಕರಾರು. ಎತ್ತಿನ ಗಾಡಿ ಸಾಕಿತ್ತು.

ಶಿರಾಡಿ ಘಟ್ಟ ಹತ್ತಿ ದೋಣಿಗಾಲಿನಲ್ಲಿ ಇಳಿದು ಮಂಜರಾಬಾದ್ ಕೋಟೆಗೆ ಹೋದೆವು. 1792ರಲ್ಲಿ ಟಿಪ್ಪು ಮುಗಿಸಿದ ಕೋಟೆ, ಎಂಟು ಮೂಲೆಗಳ ನಕ್ಷತ್ರದ ಆಕಾರ, ಫ್ರೆಂಚ್ ಮಾದರಿ. ರೀಲ್ಸ್ ಮಾಡುವವರಿಗೆ ಆಕಾಶದಿಂದ ಕಾಣುವ ನಕ್ಷತ್ರ ಸಾಕು. ಆದರೆ ಗೋಡೆಯ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ಕಟ್ಟಿದವನ ಉದ್ದೇಶ ಅರ್ಥವಾಗುತ್ತದೆ: ಮಂಗಳೂರಿನಿಂದ ಬರುವ ದಾರಿ ಕೆಳಗೆ ಹಾದುಹೋಗುತ್ತದೆ. ಬಂದರು ಕೈಯಲ್ಲಿದ್ದವನಿಗೆ ಮಾತ್ರ ಇಂತಹ ಕೋಟೆಯ ಅಗತ್ಯ. ಕಟ್ಟಿ ಏಳೇ ವರ್ಷಕ್ಕೆ ಅವನಿಗೆ ಬಂದರೂ ಇರಲಿಲ್ಲ, ಕೋಟೆಯೂ ಇರಲಿಲ್ಲ. ಒಳಗಿನ ನೆಲಮಾಳಿಗೆ ಕೋಣೆಗಳು ತಂಪಾಗಿದ್ದವು. ಚಿಕ್ಕಪ್ಪ ಅಲ್ಲಿ ಹತ್ತು ನಿಮಿಷ ಕುಳಿತು, ಮಂಗಳೂರಿನ ಸೆಕೆ ಇಳಿಯಿತು ಎಂದರು.

ಸಕಲೇಶಪುರದಲ್ಲಿ ಊಟ. ಹೇಮಾವತಿ ದಾಟಿ ಹಾಸನ ತಲುಪಿದಾಗ ನಾಲ್ಕು ಗಂಟೆ. ಹಾಸನದಿಂದ ಮಂಗಳೂರಿಗೆ 57 ಸುರಂಗಗಳ ರೈಲುದಾರಿ 1979ರಲ್ಲಿ ಆಯಿತು. ಹೆದ್ದಾರಿ ಅಗಲವಾಯಿತು, ವಿದ್ಯುತ್ ಬಂತು, ಯಂತ್ರದಲ್ಲಿ ಒಣಗಿಸುವುದು ಬಂತು. ಕರಾವಳಿಯ ಬಿಸಿಲಿಗೆ ಕಾಯುವ ಕಾರಣ ಉಳಿಯಲಿಲ್ಲ. ಕ್ಯೂರಿಂಗ್ ಕಾರ್ಖಾನೆಗಳು ಘಟ್ಟದ ಮೇಲೆ ಹಾಸನ, ಚಿಕ್ಕಮಗಳೂರು, ಕುಶಾಲನಗರದಲ್ಲೇ ಎದ್ದವು. ಹಾಸನದ ಹೊರವಲಯದ ಇಂತಹದೊಂದು ಅಂಗಳದಲ್ಲಿ ಕಂಟೇನರ್‌ಗೆ ಕಾಫಿ ತುಂಬುತ್ತಿದ್ದರು. ಗೋಣಿಚೀಲ ಕೂಡ ಇಲ್ಲ. ಕಂಟೇನರ್ ಒಳಗೆ ದೊಡ್ಡದೊಂದು ಪ್ಲಾಸ್ಟಿಕ್ ಹೊದಿಕೆ ಹಾಸಿ, ಕೊಳವೆಯಿಂದ ಬೀಜವನ್ನು ನೇರವಾಗಿ ಊದುತ್ತಾರೆ. ತುಂಬಿದ ಮೇಲೆ ಬಾಗಿಲು ಮುಚ್ಚಿ ಸೀಲ್.

ಟ್ರೈಲರ್ ಚಾಲಕ ಬಯಲುಸೀಮೆಯ ಹುಡುಗ. ಎಲ್ಲಿಗೆ ಎಂದು ಕೇಳಿದೆ. ಪಣಂಬೂರಿಗೆ, ಬೆಳಗಾಗುವುದರೊಳಗೆ ಎಂದ. ಮಂಗಳೂರಿನ ಹಳೆ ಬಂದರು ನೋಡಿದ್ದೀಯಾ ಎಂದೆ.

“ಒಮ್ಮೆ ದಾರಿ ತಪ್ಪಿ ಹತ್ತಿರದವರೆಗೆ ಹೋಗಿದ್ದೆ ಸಾರ್. ಆ ಬೀದಿಯಲ್ಲಿ ಗಾಡಿ ತಿರುಗುವುದಿಲ್ಲ. ಪಡೀಲಿನವರೆಗೆ ಹಿಂದೆ ಬಂದು ಬೈಪಾಸ್ ಹಿಡಿದೆ.”

ಚಿಕ್ಕಪ್ಪನಿಗೆ ಈ ಮಾತುಕತೆಯಲ್ಲಿ ಆಸಕ್ತಿ ಇರಲಿಲ್ಲ. ಅವರು ಆಗಲೇ ಮೇಸ್ತ್ರಿಯ ಕೋಣೆಯೊಳಗೆ ಹೋಗಿ ಅರೇಬಿಕಾ ಚೆರ್ರಿಯ ಇವತ್ತಿನ ದರ ವಿಚಾರಿಸುತ್ತಿದ್ದರು. ಸೋಮವಾರ ಫೋನ್ ಮಾಡಿ, ಸ್ವಲ್ಪ ಏರಬಹುದು ಎಂದರಂತೆ. ಬೇಲೂರಿನವರೆಗೂ ಅದೇ ಲೆಕ್ಕ: ಈಗ ಕೊಟ್ಟರೆ ಎಷ್ಟು, ಹೂಮಳೆ ಆದ ಮೇಲೆ ಕೊಟ್ಟರೆ ಎಷ್ಟು, ಅಷ್ಟು ದಿನ ಮೂಟೆ ಇಡಲು ಗೋದಾಮಿನ ಮಾಡು ಸೋರುವುದಿಲ್ಲವಷ್ಟೇ.